ಹೊನ್ನಾವರದಿಂದ ಇಕ್ಕೇರಿಗೆ: ಹಳೆಯ ಪ್ರವಾಸ ಕಥನವನ್ನೂ ಅರಸುಮನೆತನದ ಚರಿತ್ರೆಯನ್ನೂ ಜೊತೆಗಿಟ್ಟು ಓದುವ ಬಗೆ

ಉತ್ತರ ಕನ್ನಡದ ಕರಾವಳಿಯಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಕೇಳದವರು ಕಡಿಮೆ. ಆದರೆ ಆಕೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಶಾಸನದಿಂದ ಬಂದದ್ದೆಷ್ಟು, ಪರದೇಶದ ಪ್ರವಾಸಿಗಳಿಂದ ಬಂದದ್ದೆಷ್ಟು, ಈಚಿನ ನಾಟಕ, ಕಾದಂಬರಿ, ಭಾಷಣಗಳಿಂದ ಬಂದದ್ದೆಷ್ಟು ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಅರಸುಮನೆತನಗಳ ಚರಿತ್ರೆಯನ್ನು ಪ್ರೀತಿಯಿಂದ ಓದುವವರು ಪ್ರವಾಸ ಕಥನಗಳನ್ನು ಮನರಂಜನೆಯೆಂದು ಬದಿಗಿಡುತ್ತಾರೆ. ಸಾಹಸದ ಪ್ರವಾಸ ಕಥನಗಳಿಗೆ ಮರುಳಾದವರು ವಂಶಾವಳಿ, ಬಿರುದು, ಶಕವರ್ಷಗಳಿರುವ ಪುಟಗಳನ್ನು ಮಗುಚಿಬಿಡುತ್ತಾರೆ. ಎರಡನ್ನೂ ಒಂದೇ ಮೇಜಿನ ಮೇಲೆ ತೆರೆದಿಟ್ಟು ಓದಿದರೆ ಮಾತ್ರ ಇವುಗಳಲ್ಲಿ ಯಾವುದನ್ನು ಎಷ್ಟು ನಂಬಬೇಕೆಂಬುದು ತಿಳಿಯುತ್ತದೆ. ಹಾಗೆ ಓದುವ ಕ್ರಮವನ್ನು ಗೇರುಸೊಪ್ಪೆಯ ಉದಾಹರಣೆಯನ್ನೇ ಮುಖ್ಯವಾಗಿ ಹಿಡಿದು ಇಲ್ಲಿ ವಿವರಿಸಲಾಗಿದೆ.

ಮೊದಲು ಒಂದು ಊರನ್ನು ಆರಿಸಿಕೊಳ್ಳಬೇಕು; ಅದು ನೀವು ಓಡಾಡಿದ, ಅಲ್ಲಿನ ಹೊಳೆ, ಗುಡ್ಡ, ದಾರಿಗಳು ನಿಮಗೆ ಪರಿಚಯವಿರುವ ಊರಾಗಿದ್ದರೆ ಒಳ್ಳೆಯದು. ಇಡೀ ವಿಜಯನಗರದ ಚರಿತ್ರೆಯನ್ನೋ ಇಡೀ ಪೋರ್ಚುಗೀಸ್ ಸಾಹಸವನ್ನೋ ಹಿಡಿದು ಹೊರಟವರು ನೂರನೆಯ ಪುಟದ ಹೊತ್ತಿಗೆ ದಣಿಯುತ್ತಾರೆ. ನಮ್ಮ ಜಿಲ್ಲೆಯವರಿಗೆ ಈ ವಿಷಯದಲ್ಲಿ ಭಾಗ್ಯವಿದೆ, ಏಕೆಂದರೆ ಮೆಣಸಿನಕಾಳಿನ ವ್ಯಾಪಾರವಿದ್ದ ಕಾರಣಕ್ಕೆ ಈ ಬಂದರುಗಳಿಗೆ ಶತಮಾನಕ್ಕೊಬ್ಬರಾದರೂ ಬರೆಯಬಲ್ಲ ಪರದೇಶಿಗರು ಬಂದುಹೋಗಿದ್ದಾರೆ. ಮೊರಾಕ್ಕೊದ ಇಬ್ನ್ ಬತೂತ 14ನೆಯ ಶತಮಾನದಲ್ಲಿ ಹೊನ್ನಾವರದ ಸುಲ್ತಾನನ ಅತಿಥಿಯಾಗಿದ್ದ. ಇಟಲಿಯ ವಾರ್ತೇಮಾ ಮತ್ತು ಪೋರ್ಚುಗಲ್ಲಿನ ಬಾರ್ಬೋಸಾ 16ನೆಯ ಶತಮಾನದ ಆರಂಭದ ಬಂದರುಗಳನ್ನು ವರ್ಣಿಸಿದ್ದಾರೆ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್ 1670ರ ದಶಕದಲ್ಲಿ ಕಾರವಾರ, ಗೋಕರ್ಣಗಳನ್ನು ಕಂಡ. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಭಟ್ಕಳದಿಂದ ಕಾರವಾರದವರೆಗೆ ಹೋಗಿ, ಅಲ್ಲಿಂದ ಘಟ್ಟದ ಮೇಲಿನ ಸೋಂದೆ, ಶಿರಸಿ, ಬನವಾಸಿಗಳತ್ತ ಸಾಗಿದ.

ಇವರಲ್ಲಿ ದೆಲ್ಲಾ ವಾಲ್ಲೆಯಿಂದ ತೊಡಗುವುದು ನನ್ನ ಸಲಹೆ. ಆತ ವ್ಯಾಪಾರಿಯಲ್ಲ, ಸೈನಿಕನೂ ಅಲ್ಲ. ಕುತೂಹಲಕ್ಕಾಗಿಯೇ ಊರು ಬಿಟ್ಟ ಶ್ರೀಮಂತ. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ರೋಮಿನಲ್ಲಿ ಮಣ್ಣುಮಾಡುವ ಸಲುವಾಗಿ ದೇಶದಿಂದ ದೇಶಕ್ಕೆ ಸಾಗಿಸಿದ ವಿಚಿತ್ರ ಮನುಷ್ಯ. ನೇಪಲ್ಸಿನ ಗೆಳೆಯನೊಬ್ಬನಿಗೆ ಬರೆದ ಪತ್ರಗಳೇ ಆತನ ಪುಸ್ತಕವಾದದ್ದರಿಂದ ಓದು ಸಲೀಸಾಗಿ ಸಾಗುತ್ತದೆ. ಆದರೆ ಅಡಿಕೆ ತೋಟದ ಬದುಕಿನಲ್ಲಿ ಆಸಕ್ತಿಯಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಬುಕಾನನ್ನನಿಂದಲೇ ತೊಡಗಬಹುದು. ಹವ್ಯಕರ ತೋಟಗಳಲ್ಲಿ ಅಡಿಕೆ, ಮೆಣಸು, ಏಲಕ್ಕಿಗಳನ್ನು ಹೇಗೆ ಬೆಳೆಯುತ್ತಿದ್ದರೆಂಬುದನ್ನು ಆತ ಬಿಡಿಸಿ ಬರೆದಿದ್ದಾನೆ. ಉಳಿದವರಿಗೆ ಆತನ ಮೂರು ಸಂಪುಟಗಳ ಮಣ್ಣಿನ ವರ್ಣನೆ, ಅಳತೆ, ಕಂದಾಯಗಳ ಲೆಕ್ಕ ಮೊದಲ ಓದಿಗೆ ಭಾರವಾದೀತು.

ಪುಸ್ತಕ ಸಿಗುವುದು ಈಗ ಕಷ್ಟವಲ್ಲ. ಹಕ್ಲ್ಯುಟ್ ಸೊಸೈಟಿಯವರು ಟಿಪ್ಪಣಿಗಳೊಡನೆ ಅಚ್ಚುಹಾಕಿದ ಹಳೆಯ ಇಂಗ್ಲಿಷ್ ಅನುವಾದಗಳು ಅಂತರಜಾಲದಲ್ಲಿ ಉಚಿತವಾಗಿಯೇ ದೊರೆಯುತ್ತವೆ. ಕನ್ನಡದಲ್ಲಿ ಓದಬಯಸುವವರಿಗೆ ಎಚ್.ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳಿವೆ. ಸಾರ್ವಜನಿಕ ಗ್ರಂಥಾಲಯದ ಕಪಾಟಿನಲ್ಲಿ ಬಿಡಿ ಸಂಪುಟವೇ ಕಣ್ಣಿಗೆ ಬಿದ್ದರೂ ತೆಗೆದುಕೊಂಡು ಬನ್ನಿ. ಯಾವ ಆವೃತ್ತಿಯಾದರೂ ಅದು ಪೂರ್ಣ ಪಾಠವೋ ಸಂಗ್ರಹವೋ ಎಂಬುದನ್ನು ಮುನ್ನುಡಿಯಲ್ಲೇ ನೋಡಿಕೊಳ್ಳಬೇಕು. ಸಂಗ್ರಹ ಮಾಡುವವರು ಆನೆ, ಸತಿ, ದರಬಾರುಗಳನ್ನು ಉಳಿಸಿಕೊಂಡು, ತಂಗಿದ ಜಾಗ, ದಿನಾಂಕ, ದೂರಗಳನ್ನು ಕತ್ತರಿಸುತ್ತಾರೆ. ನಮಗೆ ಬೇಕಾದದ್ದು ಆ ಕತ್ತರಿಸಿದ ಭಾಗವೇ. ಪದಸೂಚಿಯಲ್ಲಿ ಹುಡುಕುವಾಗ ಇಂದಿನ ಹೆಸರುಗಳನ್ನು ನಂಬಿ ಕುಳಿತುಕೊಳ್ಳಬಾರದು: ಹೊನ್ನಾವರ ‘ಓನೋರ್’ ಅಥವಾ ‘ಹಿನೌರ್’ ಆಗಿರುತ್ತದೆ, ಭಟ್ಕಳ ‘ಬಾಟೆಕಾಲಾ’ ಆಗಿರುತ್ತದೆ, ಸೋಂದೆ ‘ಸುಂಡಾ’ ಆಗಿರುತ್ತದೆ, ಸದಾಶಿವಗಡದ ಸುತ್ತಲ ಚಿತ್ತಾಕುಲ ‘ಸಿಂಟಾಕೋರಾ’ ಆಗಿರುತ್ತದೆ.

ಪಠ್ಯಕ್ಕೆ ಕೈಹಾಕುವ ಮುನ್ನ ಮೂರು ಸಂಗತಿಗಳನ್ನು ಪತ್ತೆಮಾಡಿ ಪುಸ್ತಕದ ರಕ್ಷಾಪುಟದ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ: ಲೇಖಕ ಇಲ್ಲಿಗೆ ಬಂದದ್ದು ಯಾವಾಗ, ಬರೆದದ್ದು ಯಾವಾಗ, ಅವನ ಖರ್ಚು ಹೊತ್ತವರು ಯಾರು. ಇಬ್ನ್ ಬತೂತ ಹೊನ್ನಾವರದಲ್ಲಿದ್ದದ್ದು 1340ರ ದಶಕದಲ್ಲಿ. ಆತ ಹೇಳಿ ಬರೆಸಿದ ಗ್ರಂಥ ಮುಗಿದದ್ದು 1355ರಲ್ಲಿ, ಮೊರಾಕ್ಕೊದಲ್ಲಿ. ಹೊನ್ನಾವರಕ್ಕೂ ಬಾರ್ಕೂರಿಗೂ ನಡುವಿನ ಕಡಲಿನಲ್ಲಿ ಕಳ್ಳರು ಆತನನ್ನು ದೋಚಿದರು. ಬುಖಾರಾದಲ್ಲಿ ಬರೆದುಕೊಂಡಿದ್ದ ಟಿಪ್ಪಣಿಗಳು ಹಿಂದೂಸ್ತಾನದ ಕಡಲಿನಲ್ಲಿ ಕಳೆದುಹೋದವೆಂದು ಆತನೇ ಹೇಳುತ್ತಾನೆ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂಬ ಆತನ ಪ್ರಸಿದ್ಧ ಮಾತನ್ನು ಎತ್ತಿ ಹೇಳುವವರು ಅದು ವರ್ಷಗಳ ನಂತರ ನೆನಪಿನಿಂದ ಬಂದ ಲೆಕ್ಕವೆಂಬುದನ್ನೂ ಜೊತೆಗೆ ಹೇಳಬೇಕು. ಇದಕ್ಕೆ ಪ್ರತಿಯಾಗಿ ದೆಲ್ಲಾ ವಾಲ್ಲೆ ಇಕ್ಕೇರಿಯ ಪತ್ರಕ್ಕೆ ಇಕ್ಕೇರಿಯಲ್ಲೇ ಕುಳಿತು 1623ರ ನವೆಂಬರ್ 22ರ ದಿನಾಂಕ ಹಾಕಿದ್ದಾನೆ. ಕಂಡದ್ದಕ್ಕೂ ಬರೆದದ್ದಕ್ಕೂ ನಡುವೆ ಕೆಲವೇ ದಿನಗಳ ಅಂತರ. ಬುಕಾನನ್ ದಿನಚರಿಯಾಗಿ ಬರೆದ, ಆದರೆ ಅವನನ್ನು ಕಳುಹಿಸಿದವನು ಗವರ್ನರ್ ಜನರಲ್ ವೆಲ್ಲೆಸ್ಲಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ಕೈಸೇರಿದ ನಾಡಿನಲ್ಲಿ ಏನು ಬೆಳೆಯುತ್ತದೆ, ಎಷ್ಟು ಹುಟ್ಟುತ್ತದೆ ಎಂದು ತಿಳಿಯುವುದು ಆ ಪ್ರವಾಸದ ಉದ್ದೇಶ. ಸರಕಾರದ ಕಡೆಯವನೊಬ್ಬ ಎದುರು ನಿಂತು ಇಳುವರಿ ಕೇಳಿದಾಗ ಯಾವ ರೈತ ಪೂರ್ತಿ ಲೆಕ್ಕ ಕೊಟ್ಟಾನು? ಆತನ ಅಂಕಿಗಳನ್ನು ಈ ಅನುಮಾನವಿಟ್ಟುಕೊಂಡೇ ಓದಬೇಕು.

ಮುಂದಿನ ಕೆಲಸ ಈ ಇಡೀ ಕ್ರಮದ ಪ್ರಾಣ. ಓದುತ್ತ ಹೋದಂತೆ ಪುಟದ ಅಂಚಿನಲ್ಲಿ, ಲೇಖಕ ಕಣ್ಣಾರೆ ಕಂಡದ್ದರ ಎದುರು ‘ಕಂ’ ಎಂದೂ, ಇನ್ನೊಬ್ಬರಿಂದ ಕೇಳಿದ್ದರ ಎದುರು ‘ಕೇ’ ಎಂದೂ ಗುರುತು ಹಾಕಿ. ಎರಡೂ ಅಲ್ಲದ, ಆತ ತಾನೇ ಊಹಿಸಿದ್ದಕ್ಕೆ ‘ಊ’. ದೆಲ್ಲಾ ವಾಲ್ಲೆಯ ಗೇರುಸೊಪ್ಪೆಯ ಪುಟಗಳ ಮೇಲೆ ಇದನ್ನು ಮಾಡಿ ನೋಡಿದರೆ ಫಲ ಕೂಡಲೇ ಕಾಣುತ್ತದೆ. ಪೋರ್ಚುಗೀಸರ ಕೋಟೆಯಿದ್ದ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಸಾಗಿದ್ದು, ಆ ಹೊಳೆಯ ಚೆಲುವನ್ನು ಆತ ಬಾಯ್ತುಂಬ ಹೊಗಳಿದ್ದು, ಒಂದು ಕಾಲಕ್ಕೆ ಹೆಸರಾಗಿದ್ದ ನಗರ ಹಾಳಾಗಿ ಅರಮನೆಯ ಜಾಗದಲ್ಲಿ ಗಿಡಮರ ಬೆಳೆದಿದ್ದುದು, ಇವೆಲ್ಲ ‘ಕಂ’. ಅದರ ಬೆನ್ನಿಗೇ ಬರುವ ರಾಣಿಯ ಕಥೆ ಪೂರ್ತಿ ‘ಕೇ’: ರಾಣಿ ಕೀಳು ಕುಲದ ಪರಕೀಯನೊಬ್ಬನಿಗೆ ಮನಸೋತು ರಾಜ್ಯವನ್ನೇ ಅವನ ಕೈಗಿತ್ತಳು, ಅವನು ಅವಳಿಗೇ ತಿರುಗಿಬಿದ್ದ, ಅವಳು ಪೋರ್ಚುಗೀಸರ ನೆರವು ಬೇಡಿದಳು, ಅವನು ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿಯ ಅರಸ ವೆಂಕಟಪ್ಪನಾಯಕನನ್ನು ಕರೆದ, ನಾಯಕ ಬಂದು ರಾಜ್ಯವನ್ನೇ ನುಂಗಿ ರಾಣಿಯನ್ನು ಸೆರೆಹಿಡಿದ. ಕಥೆ ರೋಚಕವಾಗಿದೆ. ಆದರೆ ಅದನ್ನು ಹೇಳುತ್ತಿರುವವನು ಯಾರ ಜೊತೆಗಿದ್ದ? ಗೋವೆಯ ಪೋರ್ಚುಗೀಸರು ಅದೇ ವೆಂಕಟಪ್ಪನಾಯಕನ ಬಳಿಗೆ ಕಳುಹಿಸಿದ ರಾಯಭಾರಿಯ ಜೊತೆಗೆ. ನಾಯಕನ ಕಡೆಯ ರಾಯಭಾರಿ ವಿಠಲ ಶೆಣೈಯೂ ಆ ತಂಡದಲ್ಲಿದ್ದ. ರಾಣಿ ಸೋತು ಆಗಲೇ 17 ವರ್ಷಗಳಾಗಿದ್ದವು. ಗೆದ್ದವನ ಮನೆಗೆ ಹೊರಟ ಅತಿಥಿಗಳ ಬಾಯಲ್ಲಿ ಸೋತವಳ ಕಥೆ ಹೇಗಿರಬೇಕೋ ಹಾಗೆಯೇ ಇದೆ. ಇದನ್ನು ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ. 1623ರಲ್ಲಿ ಈ ದಾರಿಯಲ್ಲಿ ಇಂಥ ಕಥೆ ಚಲಾವಣೆಯಲ್ಲಿತ್ತು ಎಂಬಷ್ಟಕ್ಕೆ ಅದು ಗಟ್ಟಿ ಸಾಕ್ಷಿ.

ಈಗ ಅರಸುಮನೆತನದ ಕಡೆಯ ಪುಸ್ತಕ ತೆರೆಯಬೇಕು. ಕೆಳದಿಯ ಆಸ್ಥಾನದ ದೃಷ್ಟಿ ಬೇಕಾದರೆ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಇದೆ. ಹೆಸರೇ ಹೇಳುವಂತೆ ಅದು ಗೆಲುವುಗಳ ಕಾವ್ಯ, ಗೇರುಸೊಪ್ಪೆಯ ಸಂಗತಿ ಅಲ್ಲಿ ನಾಯಕರ ವಿಜಯಗಳ ಸಾಲಿನಲ್ಲಿ ಬರುತ್ತದೆ. ಕಾವ್ಯದ ಬಿರುದು, ಉಪಮೆಗಳನ್ನು ಸದ್ಯಕ್ಕೆ ದಾಟಿ, ಯಾರ ಮೇಲೆ, ಯಾವ ಕ್ರಮದಲ್ಲಿ, ಯಾರ ಕೂಡ ಎಂಬುದನ್ನಷ್ಟೇ ಹೆಕ್ಕಿಕೊಂಡರೆ ಸಾಕು. ಚೆನ್ನಭೈರಾದೇವಿಯ ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606ರವರೆಗೆ ಎಂದು ಎಣಿಸುತ್ತಾರೆ. ಈ ಎರಡು ಇಸವಿಗಳನ್ನು ಎದುರಿಗಿಟ್ಟುಕೊಂಡರೆ ಅನೇಕ ಗೊಂದಲಗಳು ತಾವಾಗಿ ಕಳಚುತ್ತವೆ. 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟಾಗ ಅವರಿಗೆ ಎದುರಾಗಿದ್ದ ‘ರಾಣಿ’ಯನ್ನು ನಮ್ಮ ಕಡೆಯ ಕೆಲವು ಲೇಖನಗಳು ಚೆನ್ನಭೈರಾದೇವಿಯೆಂದೇ ಬರೆಯುತ್ತವೆ, ಆದರೆ ಅದು ಈಕೆ ಪಟ್ಟಕ್ಕೆ ಬರುವುದಕ್ಕೆ ಹತ್ತು ವರ್ಷ ಹಿಂದಿನ ಮಾತು. ಪರದೇಶಿಗರು ರಾಣಿಯ ಹೆಸರು ಹೇಳದೆ ‘ಗೇರುಸೊಪ್ಪೆಯ ರಾಣಿ’, ‘ಭಟ್ಕಳದ ರಾಣಿ’ ಎಂದಷ್ಟೇ ಬರೆದ ಕಡೆಯೆಲ್ಲ, ಇಸವಿ ನೋಡದೆ ಹೆಸರು ತುಂಬಬಾರದು. ಮಿರ್ಜಾನ ಕೋಟೆಗೂ ಇದೇ ಎಚ್ಚರ ಬೇಕು; ಅದನ್ನು ಕಟ್ಟಿಸಿದವರ ಬಗ್ಗೆ ಒಂದಕ್ಕಿಂತ ಹೆಚ್ಚು ಹೇಳಿಕೆಗಳಿವೆ.

ಸಾಹಸಿಗಳ ವಿಷಯದಲ್ಲಿಯೂ ಅಷ್ಟೇ. ಹೊನ್ನಾವರದ ತಿಮೋಜ 1498ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಅಂಜುದೀವ ದ್ವೀಪದಲ್ಲಿದ್ದಾಗ ಪೋರ್ಚುಗೀಸರಿಗೆ ಕಡಲ್ಗಳ್ಳನಾಗಿದ್ದ. 1510ರಲ್ಲಿ ಅಲ್ಬುಕರ್ಕನಿಗೆ ಗೋವೆಯನ್ನು ಹಿಡಿಯುವ ದಾರಿ ತೋರಿಸಿದ ಮೇಲೆ ಅದೇ ಪೋರ್ಚುಗೀಸರ ಬರಹಗಳಲ್ಲಿ ಗೌರವದ ಮನುಷ್ಯನಾದ. ಆದ್ದರಿಂದ ವ್ಯಕ್ತಿಗೆ ಕೊಟ್ಟ ವಿಶೇಷಣದ ಪಕ್ಕದಲ್ಲಿ ಬರೆದವರ ಪಕ್ಷವನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಶಾಸನಗಳತ್ತ ಹೊರಳುವವರಿಗೆ ನಮ್ಮ ಜಿಲ್ಲೆಯಲ್ಲಿ ಒಂದು ತೊಡಕಿದೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಪುಟಮಾಲೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮೈಸೂರು ಸಂಸ್ಥಾನಕ್ಕೆ ಸೀಮಿತವಾಗಿದ್ದರಿಂದ ನಮ್ಮ ಊರುಗಳು ಅದರಲ್ಲಿಲ್ಲ. ಹಾಗೆಂದು ಅದನ್ನು ಬಿಡುವಂತಿಲ್ಲ: ಸಾಗರ, ಸೊರಬಗಳ ಶಾಸನಗಳಿರುವ ಎಂಟನೆಯ ಸಂಪುಟದಲ್ಲಿ ಕೆಳದಿ, ಇಕ್ಕೇರಿಗಳ ಸಂಗತಿಗಳು ಸಿಗುತ್ತವೆ, ಅರಸರ ಎಲ್ಲೆ ಇಂದಿನ ಜಿಲ್ಲೆಯ ಎಲ್ಲೆಯಾಗಿರಲಿಲ್ಲ. ಮುಂಬಯಿ ಕರ್ನಾಟಕದ ಶಾಸನಗಳಿಗೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳನ್ನು ನೋಡಬೇಕು. 1883ರ ಮುಂಬಯಿ ಗೆಜೆಟಿಯರಿನ ಹದಿನೈದನೆಯ ಸಂಪುಟ, ಎರಡು ಭಾಗಗಳಲ್ಲಿರುವ ಕೆನರಾ ಜಿಲ್ಲೆಯ ಭಾಗ, ಇವೆಲ್ಲಕ್ಕೂ ಕೀಲಿಕೈಯಂತಿದೆ. ಅದರ ಅಡಿಟಿಪ್ಪಣಿಗಳು ಯಾವ ಪ್ರವಾಸಿ ಯಾವ ಊರಿನ ಬಗ್ಗೆ ಬರೆದಿದ್ದಾನೆಂಬುದನ್ನು ತೋರಿಸಿಕೊಡುತ್ತವೆ, ಅಲ್ಲಿಂದ ಮೂಲಕ್ಕೆ ಹೋಗಬೇಕೇ ಹೊರತು ಅಲ್ಲಿಯೇ ನಿಲ್ಲಬಾರದು. ಶಾಸನವೆಂದಾಕ್ಷಣ ಕಣ್ಣುಮುಚ್ಚಿ ನಂಬುವುದೂ ಸಲ್ಲ. ಕಂಚಿಯಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಮಯೂರಶರ್ಮ ಕತ್ತಿ ಹಿಡಿದ ಕಥೆ ನಮಗೆ ಗೊತ್ತಿರುವುದು ತಾಳಗುಂದದ ಸ್ತಂಭಶಾಸನದಿಂದ. ಅದನ್ನು ಕುಬ್ಜನೆಂಬ ಕವಿ ರಚಿಸಿದ್ದು ಸುಮಾರು ಒಂದು ಶತಮಾನದ ನಂತರ, ಬನವಾಸಿಯ ಅದೇ ಕದಂಬ ಮನೆತನದ ಅರಸರ ಕಾಲದಲ್ಲಿ. ಅಂಚಿನ ಗುರುತು ಅಲ್ಲಿಯೂ ‘ಕೇ’ ಎಂದೇ ಬೀಳಬೇಕು.

ದಿನಾಂಕಗಳನ್ನು ಹೊಂದಿಸುವಾಗ ಎರಡು ವಿಷಯ ನೆನಪಿರಲಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ, ಆದರೆ ವರ್ಷ ಯುಗಾದಿಗೆ ತೊಡಗುವುದರಿಂದ ಪುಷ್ಯ, ಮಾಘ, ಫಾಲ್ಗುಣದ ಶಾಸನಗಳಿಗೆ ಹೆಚ್ಚಾಗಿ 79 ಕೂಡಿಸಬೇಕಾಗುತ್ತದೆ. ಸಂವತ್ಸರದ ಹೆಸರು ಕೊಟ್ಟಿದ್ದರೆ ಅದರಿಂದ ತಾಳೆ ನೋಡಬಹುದು. ಎರಡನೆಯದು ಇಂಗ್ಲಿಷರ ಕಾಗದಪತ್ರಗಳದ್ದು. ಇಟಲಿ, ಪೋರ್ಚುಗಲ್ಲುಗಳು 1582ರಲ್ಲೇ ಹೊಸ ಪಂಚಾಂಗಕ್ಕೆ ಬದಲಾದರೆ ಇಂಗ್ಲೆಂಡು 1752ರವರೆಗೆ ಹಳೆಯದನ್ನೇ ಇಟ್ಟುಕೊಂಡಿತ್ತು. 17ನೆಯ ಶತಮಾನದಲ್ಲಿ ಎರಡಕ್ಕೂ ಹತ್ತು ದಿನಗಳ ಅಂತರ, ಜೊತೆಗೆ ಇಂಗ್ಲಿಷರ ಹೊಸ ವರ್ಷ ತೊಡಗುತ್ತಿದ್ದುದು ಮಾರ್ಚ್ 25ಕ್ಕೆ. ಬಸರೂರಿನ ದಾಳಿಯ ನಂತರ ಶಿವಾಜಿ ಕಾರವಾರಕ್ಕೆ ಬಂದದ್ದು, ಅಲ್ಲಿನ ಇಂಗ್ಲಿಷ್ ವರ್ತಕರು ಕಪ್ಪದ ತಮ್ಮ ಪಾಲಾಗಿ 112 ಪೌಂಡ್ ತೆತ್ತದ್ದು ನಮ್ಮ ಲೆಕ್ಕದ 1665ರ ಫೆಬ್ರವರಿಯಲ್ಲಿ. ಹಳೆಯ ಇಂಗ್ಲಿಷ್ ಎಣಿಕೆಯಂತೆ ಅದು ಇನ್ನೂ 1664.

ಕಾಗದದ ಕೆಲಸ ಇಷ್ಟಾದ ಮೇಲೆ ನಕ್ಷೆ ಬಿಡಿಸಿ. ಹಳೆಯ ಪುಸ್ತಕದ ಕಾರವಾರ ಇಂದಿನ ಕಾರವಾರವಲ್ಲ. ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಇದ್ದ ಹಳೆಯ ಊರು ಕಾಳಿ ನದಿಯ ದಂಡೆಯಲ್ಲಿ ಈಗಿನ ಪೇಟೆಯಿಂದ ಒಳಭಾಗಕ್ಕೆ ಇತ್ತು. ಕಡಲತಡಿಯ ಈಗಿನ ಊರು ಬೆಳೆದದ್ದು ಜಿಲ್ಲೆಯ ಮುಖ್ಯಸ್ಥಳವಾದ ನಂತರ. ಫ್ರೈಯರನನ್ನು ಓದುತ್ತ ಬೀಚಿನ ಮೇಲೆ ನಿಂತು ಕೋಠಿಯನ್ನು ಹುಡುಕಿದರೆ ಸಿಕ್ಕುವುದಿಲ್ಲ. ಹಾಗೆಯೇ ಬ್ರಿಟಿಷರ ಕಾಲದ ಪ್ರವಾಸಿಗಳು ‘ಗೆರ್ಸೊಪ್ಪಾ’ ಎಂದಾಗ ಬಹುಪಾಲು ಜೋಗದ ಜಲಪಾತವನ್ನು ಹೇಳುತ್ತಿರುತ್ತಾರೆ. ರಾಣಿಯ ಊರು ಹೊಳೆಗುಂಟ ಬಹಳ ಕೆಳಗೆ, ಘಟ್ಟದ ಬುಡದಲ್ಲಿದೆ.

ಸಾಧ್ಯವಾದರೆ ದೆಲ್ಲಾ ವಾಲ್ಲೆ ಸಾಗಿದ ತಿಂಗಳುಗಳಲ್ಲೇ, ಅಂದರೆ ಮಳೆ ಹಿಂದೆ ಸರಿದ ಅಕ್ಟೋಬರ್ ಕೊನೆ, ನವೆಂಬರಿನಲ್ಲಿ, ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗಿ ಬನ್ನಿ. ಈಗ ಅಣೆಕಟ್ಟಿನಿಂದ ಬಿಟ್ಟಷ್ಟೇ ನೀರು ಹರಿಯುವುದರಿಂದ ಆತ ಕಂಡ ಹೊಳೆಯನ್ನು ಅಳೆದು ನೋಡಲು ಬರುವುದಿಲ್ಲ. ಆದರೆ ಕಾಡಿನೊಳಗೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿಯ ಮುಂದೆ ನಿಂತು ಹಾಳಾದ ನಗರದ ಆತನ ಪುಟಗಳನ್ನು ಓದಿದರೆ, ಜೈನ ಅರಸುಮನೆತನದ ಈ ಕಲ್ಲಿನ ಕೆಲಸದ ಪಕ್ಕದಲ್ಲಿ ಅವನ ಪ್ರಣಯದ ಕಥೆ ಎಷ್ಟು ತೆಳುವಾಗಿದೆಯೆಂಬುದು ಗೊತ್ತಾಗುತ್ತದೆ.

ಪ್ರವಾಸಿಯ ಕುರುಡುತನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದೇ ಪ್ರವಾಸದಲ್ಲಿ ಮುಂದೆ ದಕ್ಷಿಣಕ್ಕೆ ಹೋದ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ದಾರಿಯಲ್ಲೇ ಭೇಟಿಯಾದ. ಆಕೆ ಬರಿಗಾಲಲ್ಲಿ, ಒರಟು ಹತ್ತಿಬಟ್ಟೆಯಲ್ಲಿ, ನೀರಿನ ಕಾಲುವೆ ತೋಡಿಸುವ ಕೆಲಸ ನೋಡಿಕೊಳ್ಳುತ್ತಿದ್ದಳು. ಆತನಿಗೆ ಆಕೆ ಅಡುಗೆಯವಳಂತೆ ಕಂಡಳು. ಮಾತಾಡಿದ ಮೇಲೆ ಮಾತ್ರ ರಾಣಿಯೆನಿಸಿತು. ಯುರೋಪಿನ ಅರಮನೆಗಳ ಅಳತೆಗೋಲು ಹಿಡಿದು ಬಂದವನ ತೀರ್ಪು ಅದು. ತೀರ್ಪನ್ನು ಬದಿಗಿಟ್ಟು, ಬಿಸಿಲಿನಲ್ಲಿ ನಿಂತು ಕಾಲುವೆ ತೋಡಿಸುವ ರಾಣಿಯ ಚಿತ್ರವನ್ನು ಉಳಿಸಿಕೊಳ್ಳಬೇಕು, ಏಕೆಂದರೆ ಯಾವ ಪ್ರಶಸ್ತಿಶಾಸನವೂ ಅದನ್ನು ಕೊಡುವುದಿಲ್ಲ. ಇಬ್ನ್ ಬತೂತನೂ ಹೀಗೆಯೇ. ಹೊನ್ನಾವರದಲ್ಲಿದ್ದಷ್ಟು ತಿಂಗಳು ಬರೀ ಅನ್ನವೇ, ರೊಟ್ಟಿ ಕಾಣಲಿಲ್ಲವೆಂದು ಆತ ಗೊಣಗುತ್ತಾನೆ. ಆದರೆ ಸುಲ್ತಾನನ ಊಟದ ಅನುಕ್ರಮವನ್ನು ಅಷ್ಟೇ ಶ್ರದ್ಧೆಯಿಂದ ಹೇಳುತ್ತಾನೆ: ಮೊದಲು ಅನ್ನ, ಅದರ ಮೇಲೆ ತುಪ್ಪ, ಪಕ್ಕಕ್ಕೆ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಆಮೇಲೆ ಕೋಳಿ, ಮೀನು, ತರಕಾರಿಗಳ ಜೊತೆ ಮತ್ತೆ ಮತ್ತೆ ಅನ್ನ, ಕೊನೆಗೆ ಮೊಸರು. ಗೊಣಗಾಟ ಅವನದು, ಊಟದ ವಿವರ ನಮ್ಮದು.

ಇಂಥ ಸಣ್ಣ ಸಂಗತಿಗಳೇ ಈ ಪುಸ್ತಕಗಳ ನಿಜವಾದ ಸಂಪತ್ತೆಂದು ನನಗನ್ನಿಸುತ್ತದೆ. ದೆಲ್ಲಾ ವಾಲ್ಲೆ ಘಟ್ಟ ಹತ್ತಿದ ಮೇಲೆ ಹನುಮಂತನ ಗುಡಿಯ ಜಗಲಿಯಲ್ಲಿ ಕುಳಿತು ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ನೋಡಿದ. ಒಬ್ಬ ರಾಗವಾಗಿ ಒಂದೊಂದೇ ಪಾಠ ಹೇಳುತ್ತ ನೆಲದ ಮೇಲೆ ಹರಡಿದ ಸಣ್ಣ ಮರಳಿನಲ್ಲಿ ಬೆರಳಿನಿಂದ ಅಂಕಿ ಬರೆಯುತ್ತಿದ್ದ. ಉಳಿದವರೂ ಹಾಡುತ್ತ ಬರೆಯುತ್ತಿದ್ದರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುತ್ತಿದ್ದರು. ಗುರುವಿಲ್ಲದಿರುವಾಗ ತಪ್ಪಾದರೆ ತಿದ್ದುವವರು ಯಾರೆಂದು ಆತ ಕೇಳಿದ್ದಕ್ಕೆ, ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವಿಲ್ಲವೆಂದು ಅವರು ಉತ್ತರಿಸಿದರಂತೆ. ವೆಂಕಟಪ್ಪನಾಯಕನ ದರಬಾರಿಗಾಗಿ ಆ ಪುಸ್ತಕ ತೆರೆದವರು ಈ ಪುಟವನ್ನು ಹಾರಿಸಿ ಹೋಗದಿರಲಿ.

ಕೊನೆಗೆ ಟಿಪ್ಪಣಿಯ ಪುಸ್ತಕದ ಮಾತು. ಪುಟವನ್ನು ಮೂರು ಕಂಬಗಳಾಗಿ ಗೀಚಿ, ಎಡಕ್ಕೆ ಪ್ರವಾಸಿಯ ಮಾತು, ನಡುವೆ ಆಸ್ಥಾನದ ಕಾವ್ಯ ಅಥವಾ ಶಾಸನದ ಮಾತು, ಬಲಕ್ಕೆ ನೀವು ಸ್ಥಳದಲ್ಲಿ ಕಂಡದ್ದನ್ನು ಬರೆಯುತ್ತ ಹೋಗಿ. ಪ್ರತಿಯೊಂದಕ್ಕೂ ಇಸವಿ, ಆವೃತ್ತಿ, ಪುಟಸಂಖ್ಯೆ ಹಾಕುವುದನ್ನು ಅಂದೇ ಮಾಡಿ, ನಾಳೆಗೆ ಬಿಡಬೇಡಿ. ಮೂರರಲ್ಲಿ ಎರಡು ಕಂಬ ಖಾಲಿ ಉಳಿದ ಸಾಲುಗಳೇ ಹೆಚ್ಚಿರುತ್ತವೆ, ಅವನ್ನು ಕಲ್ಪನೆಯಿಂದ ತುಂಬಲು ಹೋಗಬಾರದು. ಶಾಲೆಯ ವಾರ್ಷಿಕ ಸಂಚಿಕೆಗೋ ಊರಿನ ಸ್ಮರಣ ಸಂಚಿಕೆಗೋ ಬರೆಯುವಾಗ ‘ರಾಣಿ ಹೀಗೆ ಮಾಡಿದಳು’ ಎಂಬುದಕ್ಕೆ ಬದಲಾಗಿ ‘ರಾಣಿ ಹೀಗೆ ಮಾಡಿದಳೆಂದು 1623ರಲ್ಲಿ ಬಂದ ಇಟಲಿಯವನು ಕೇಳಿ ಬರೆದಿದ್ದಾನೆ’ ಎಂದು ಬರೆದರೆ ವಾಕ್ಯ ಸ್ವಲ್ಪ ಉದ್ದವಾದೀತು, ಆದರೆ ಮುಂದೆ ಯಾರಾದರೂ ಆ ಸಂಗತಿಯನ್ನು ಪರೀಕ್ಷಿಸಲು ಹೊರಟರೆ ಅವರಿಗೆ ಯಾವ ಪುಸ್ತಕ ತೆರೆಯಬೇಕೆಂಬುದು ಗೊತ್ತಿರುತ್ತದೆ.